ಮಂಜುಗಡ್ಡೆಯೊಳಗಿನ ಗಾಳಿ

ಫೆಬ್ರವರಿ 3, ಸೋಮವಾರ

ಕಿವಿ ಡಾಕ್ಟರು ದಿನಚರಿ ಬರೆಯಲು ಹೇಳಿದ್ದಾರೆ. ಕಿವಿಯೊಳಗಿನ ಸದ್ದು ಯಾವಾಗ ಹೆಚ್ಚು, ಯಾವಾಗ ಕಡಿಮೆ, ಏನು ತಿಂದಾಗ, ಎಷ್ಟು ನಿದ್ದೆಗೆಟ್ಟಾಗ, ಎಲ್ಲ ಬರೆದಿಡಬೇಕಂತೆ. "ನಂಗೆ ತೋರಿಸ್ಬೇಕಾಗಿಲ್ಲ, ನಿಮಗೇ ಗೊತ್ತಾಗ್ಲಿ ಅಂತ," ಎಂದರು. ಯಾರಿಗೂ ತೋರಿಸುವುದಿಲ್ಲ ಎಂದ ಮೇಲೆ ಸುಳ್ಳು ಬರೆದು ಏನು ಪ್ರಯೋಜನ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಬಲಗಿವಿಯಲ್ಲಿ ಸುಯ್ ಎನ್ನುವ ಸದ್ದು. ಬೆಳಿಗ್ಗೆ ಜೋರು. ಮಧ್ಯಾಹ್ನ ಪರವಾಗಿಲ್ಲ. ಈಗ ಅತ್ತೆ ಬೀದಿಗೆಲ್ಲ ಕೇಳುವ ಹಾಗೆ ಟೀವಿ ಹಾಕಿಕೊಂಡಿರುವುದರಿಂದ ಇದೆಯೋ ಇಲ್ಲವೋ ತಿಳಿಯುತ್ತಿಲ್ಲ. ಒಂದೂವರೆ ತಿಂಗಳು ಮಾತ್ರೆ, ಆಮೇಲೆ ದೊಡ್ಡ ಪರೀಕ್ಷೆ.

ಬೇರೆ ಯಾರಿಗಾದರೂ ಆಗಿದ್ದರೆ ಇದೇನು ಮಹಾ ಕಾಯಿಲೆಯಲ್ಲ. ನನಗಾಗಿರುವುದೇ ಗ್ರಹಚಾರ. ನಾನು ಸ್ಟುಡಿಯೋದಲ್ಲಿ ಸದ್ದು ತೊಳೆಯುವವಳು. ಮಾತಿನ ಹಿಂದಿನ ಫ್ಯಾನಿನ ಗುಂಯ್, ತಂತಿಯ ಕಿರಿಕಿರಿ, ಓದುವವರ ಬಾಯಿ ಚಪ್ಪರಿಕೆ, ಎಲ್ಲ ತೆಗೆದುಹಾಕುತ್ತೇನೆ. ಮೂಲೆಯ ಕೊನೆಯ ಕುರ್ಚಿ ನನ್ನದು. ನಾನು ಹೂಂ ಅಂದ ಮೇಲೆಯೇ ಏನಾದರೂ ಹೊರಗೆ ಹೋಗುವುದು. ಕಿವಿಯ ವಿಷಯ ಸ್ಟುಡಿಯೋ ಯಜಮಾನರಿಗೆ ಗೊತ್ತಾದ ದಿನ ಆ ಕುರ್ಚಿಗೆ ಎಳ್ಳುನೀರು. ಪಕ್ಕದಲ್ಲೇ ಕಡ್ಡಿ ಕೂತಿರುತ್ತಾನೆ, ಸಣಕಲ, ನನಗಿಂತ ಹದಿನೈದು ವರ್ಷ ಚಿಕ್ಕವನು. ಬಾಯಿತುಂಬಾ ಅಕ್ಕ ಅಕ್ಕ ಎನ್ನುತ್ತಾನೆ. ಈಚೆಗೆ ನಾನು ಎದ್ದು ಹೋದಾಗಲೆಲ್ಲ ನನ್ನ ಯಂತ್ರದ ಮುಂದೆ ಸುಳಿದಾಡುತ್ತಿರುತ್ತಾನೆ. ನನಗೇನು ಕಣ್ಣು ಕಾಣುವುದಿಲ್ಲವೇ.

ಫೆಬ್ರವರಿ 6, ಗುರುವಾರ

ಸದ್ದು ಬೆಳಿಗ್ಗೆಯಿಂದ ಸಂಜೆಯವರೆಗೂ ಜೋರು. ಕಾಫಿ ಬಿಟ್ಟು ನೋಡಿದೆ, ಏನೂ ಬದಲಾಗಲಿಲ್ಲ. ತಲೆನೋವು ಮಾತ್ರ ಬಂತು.

ಅತ್ತೆಗೆ ಒಂದೇ ಮಾತನ್ನು ಮೂರು ಸಲ ಹೇಳಿ ರೇಗಿಬಿಟ್ಟೆ. ಕಿವಿಯ ಯಂತ್ರ ತಂದುಕೊಟ್ಟರೆ ಹಾಕಿಕೊಳ್ಳುವುದಿಲ್ಲ. ಯಾರು ಏನು ಹೇಳಿದರೂ ನಗುತ್ತಾ "ಹೌದೌದು" ಎಂದು ತಲೆಯಾಡಿಸುತ್ತಾರೆ. ಆ ತಲೆಯಾಟ ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಫೆಬ್ರವರಿ 11, ಮಂಗಳವಾರ

ಹೊಸ ಕೆಲಸ ಬಂದಿದೆ. ತಂದವರು ಸಮುದ್ರ ಓದಿದ ಹೆಂಗಸು. ಬಿಸಿಲಿಗೆ ಸುಟ್ಟ ಮೂಗು, ಎರಡು ಕಾಲಿಗೆ ಎರಡು ಬಣ್ಣದ ಕಾಲುಚೀಲ. ಕಡ್ಡಿ ಆಗಲೇ ಅವರಿಗೆ ಸಮುದ್ರದ ಮೇಡಂ ಎಂದು ಹೆಸರಿಟ್ಟಿದ್ದಾನೆ. ಯಜಮಾನರು ನನ್ನನ್ನು ತೋರಿಸಿ, "ಇಂಥ ಕಿವಿ ಈ ಊರಲ್ಲೇ ಇನ್ನೊಂದಿಲ್ಲ ಮೇಡಂ," ಎಂದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಉತ್ತರ ಧ್ರುವದ ಹತ್ತಿರ ಒಂದು ಹಿಮನದಿ ಬೆಟ್ಟದಿಂದ ಜಾರಿ ಬಂದು ನೇರ ಸಮುದ್ರಕ್ಕೆ ಮೂತಿಯಿಟ್ಟು ನಿಂತಿದೆಯಂತೆ. ಅದರೆದುರಿನ ಬಂಡೆಯೊಂದರಿಂದ ಪ್ರತಿ ಬೇಸಿಗೆಯಲ್ಲೂ ಇವರು ನೀರಿಗೆ ಮೈಕು ಇಳಿಬಿಟ್ಟು ಕೇಳಿದ್ದಾರೆ. ಆ ಸದ್ದುಗಳನ್ನು ವರ್ಷದಿಂದ ವರ್ಷಕ್ಕೆ ಜೋಡಿಸಿ ವಿಜ್ಞಾನ ಸಂಗ್ರಹಾಲಯದ ಒಂದು ಕತ್ತಲೆ ಕೋಣೆಯಲ್ಲಿ ಜನಕ್ಕೆ ಕೇಳಿಸಬೇಕು. ತೊಳೆದು ಜೋಡಿಸುವುದು ನನ್ನ ಪಾಲಿನದು.

"ಮಂಜುಗಡ್ಡೆ ಕರಗಿದ್ರೆ ಸಮುದ್ರ ಮೇಲಕ್ಕೆ ಬರುತ್ತೆ. ಅಷ್ಟೇ ಅಲ್ವಾ ಮೇಡಂ?" ಎಂದು ಕೇಳಿದೆ, ಏನಾದರೂ ಕೇಳಬೇಕಲ್ಲ ಎಂದು.

"ಅಷ್ಟೇ ಆಗಿದ್ರೆ ನಾನು ಮನೇಲೇ ಇರ್ತಿದ್ದೆ," ಎಂದರು. "ಒಂದು ಲೋಟ ನೀರಿಗೆ ಐಸ್ ಹಾಕಿ, ನೀರು ಎಲ್ಲಿಗಿದೆ ಅಂತ ಗೆರೆ ಎಳೆದಿಡಿ. ಪೂರ್ತಿ ಕರಗಿದ ಮೇಲೆ ನೋಡಿ."

ಸದ್ದು ಇವತ್ತು ಸುಮಾರು.

ಫೆಬ್ರವರಿ 13, ಗುರುವಾರ

ಲೋಟದ ನೀರು ಒಂದು ಕೂದಲೆಳೆಯಷ್ಟೂ ಏರಲಿಲ್ಲ.

ಎರಡು ಸಲ ಮಾಡಿದೆ. ಅತ್ತೆ ಕುರ್ಚಿ ಎಳೆದುಕೊಂಡು ಬಂದು ಕೂತರು. ನಾನು ಲೋಟವನ್ನೇ ದಿಟ್ಟಿಸುತ್ತಿದ್ದೆ, ಅವರು ನನ್ನನ್ನು ದಿಟ್ಟಿಸುತ್ತಿದ್ದರು. ಮೇಡಂಗೆ ಫೋನು ಮಾಡಿ ಕೇಳಿದೆ. ತೇಲುತ್ತಿರುವ ಮಂಜುಗಡ್ಡೆ ತನ್ನ ಭಾರದಷ್ಟು ನೀರನ್ನು ಮೊದಲೇ ಪಕ್ಕಕ್ಕೆ ತಳ್ಳಿರುತ್ತದಂತೆ, ಕರಗಿದಾಗ ಅದೇ ಜಾಗಕ್ಕೆ ಸರಿಹೋಗುತ್ತದಂತೆ. ಸಮುದ್ರ ಏರುವುದು ನೆಲದ ಮೇಲೆ ಕೂತ ಮಂಜು ಕರಗಿ ಹರಿದು ಬಂದಾಗ. ಹಾಗಾದರೆ ತೇಲುವುದು ಕರಗಿದರೆ ನಷ್ಟವಿಲ್ಲವಲ್ಲ ಎಂದೆ. "ಬಿಳೀ ಅಂಗಿ ಬಿಚ್ಚಿ ಕರೀ ಅಂಗಿ ಹಾಕ್ಕೊಂಡು ಬಿಸಿಲಲ್ಲಿ ನಿಂತು ನೋಡಿ," ಎಂದರು. ಬಿಳಿ ಮಂಜು ಬಿಸಿಲನ್ನು ವಾಪಸು ಕಳಿಸುತ್ತದೆ, ಅದು ಹೋದರೆ ಕಪ್ಪು ನೀರು ಎಲ್ಲವನ್ನೂ ಕುಡಿದು ಇನ್ನಷ್ಟು ಕಾಯುತ್ತದೆ. ಈ ಮೇಡಂ ಒಂದು ಪ್ರಶ್ನೆಗೆ ಉತ್ತರ ಕೊಟ್ಟು ನಾಲ್ಕು ಪ್ರಶ್ನೆ ಕೈಗಿಟ್ಟು ಹೋಗುತ್ತಾರೆ.

ನಮ್ಮವರು ತಡವಾಗಿ ಬಂದರು. ಅವರು ಓಡಿಸುವುದು ಸಮುದ್ರದ ದಡದ ರಸ್ತೆಯ ಬಸ್ಸು. "ಮೋಡ ಇಲ್ಲ, ಮಳೆ ಇಲ್ಲ, ಮೋರಿಯಿಂದ ನೀರು ಉಕ್ಕಿ ರಸ್ತೆಗೆ ಬರ್ತಿದೆ ಕಣೇ. ಹುಣ್ಣಿಮೆ ಬಂದ್ರೆ ಇದೇ ಗೋಳು. ಮೊದಲೆಲ್ಲ ಹೀಗಿರ್ಲಿಲ್ಲ," ಎಂದರು. ಒದ್ದೆ ಬೂಟನ್ನು ಬಾಗಿಲಲ್ಲೇ ಬಿಟ್ಟಿದ್ದಾರೆ.

ಫೆಬ್ರವರಿ 18, ಮಂಗಳವಾರ

ಮೊದಲ ಮೂರು ವರ್ಷದ ಸದ್ದು ತೊಳೆದು ಮುಗಿಸಿದೆ. ಅಬ್ಬಾ, ಎಷ್ಟು ಕೊಳೆ. ಹಿಂದೆಲ್ಲ ಸುಯ್ ಎನ್ನುವ ಗಲೀಜು, ನನ್ನ ಕಿವಿಯ ಸದ್ದಿಗೆ ಅವಳಿ ಹುಟ್ಟಿದ ಹಾಗೆ. ಅದರದೇ ಒಂದು ತುಣುಕನ್ನು ಆರಿಸಿ, ಇದೇ ಕಸ, ಇಂಥದ್ದು ಎಲ್ಲಿ ಕಂಡರೂ ಗುಡಿಸು ಎಂದು ಯಂತ್ರಕ್ಕೆ ಹೇಳಿಕೊಟ್ಟೆ. ನಿಮಿಷದಲ್ಲಿ ಎಲ್ಲ ಹೋಯಿತು. ಈಗ ದೂರದ ಸೀಲ್ ಪ್ರಾಣಿಯ ಕೂಗು, ಮಂಜಿನ ಗೋಡೆ ಕುಸಿಯುವ ಗುಡುಗು, ಅಲೆ, ಎಲ್ಲ ಕನ್ನಡಿಯಂತೆ ಸ್ವಚ್ಛ. ಕಡ್ಡಿ ಕೇಳಿ ಏನೋ ಹೇಳಲು ಬಾಯಿ ತೆರೆದ, ಮತ್ತೆ ಮುಚ್ಚಿಕೊಂಡ. ಹೊಟ್ಟೆಕಿಚ್ಚು ಇರಬೇಕು.

ಫೆಬ್ರವರಿ 20, ಗುರುವಾರ

ಮಾನ ಹೋಯಿತು.

ಮೇಡಂ ಬಂದು ಕೇಳಿದರು. ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದರು. ಆಮೇಲೆ, "ಸೀಲ್ ತುಂಬಾ ಚೆನ್ನಾಗಿ ಬಂದಿದೆ," ಎಂದರು. ಇನ್ನೊಂದು ಸಲ ಮೊದಲಿನಿಂದ ಹಾಕಿ ಕೇಳಿ, "ಆದ್ರೆ ಮಂಜೆಲ್ಲಿ?" ಎಂದರು.

ನಾನು ಗುಡಿಸಿ ಹಾಕಿದ್ದೇ ಮಂಜು. ಹಿಮ ಬಿದ್ದು ಬಿದ್ದು ಒತ್ತಿಕೊಂಡು ಗಟ್ಟಿಯಾಗುವಾಗ ಅದರ ನಡುವಿನ ಗಾಳಿ ಸಣ್ಣ ಸಣ್ಣ ಗುಳ್ಳೆಗಳಾಗಿ ಸಿಕ್ಕಿಬೀಳುತ್ತದಂತೆ, ನೂರಾರು, ಕೆಲವು ಕಡೆ ಸಾವಿರಾರು ವರ್ಷ. ಸಮುದ್ರದೊಳಗೆ ಆ ಮಂಜು ಕರಗಿದಾಗ ಗುಳ್ಳೆಗಳು ಒಂದೊಂದಾಗಿ ಸಿಡಿಯುತ್ತವೆ. ಹತ್ತಿರದಿಂದ ಕೇಳಿದರೆ ಚಿಟಪಟ, ದೂರದಿಂದ ಎಲ್ಲ ಕಲೆತು ಸುಯ್. ಸಮುದ್ರದಲ್ಲಿ ಅಷ್ಟು ಗದ್ದಲದ ಜಾಗ ಇನ್ನೊಂದು ಸಿಗುವುದು ಕಷ್ಟವಂತೆ. ಅದನ್ನೇ ನಾನು ಕೊಳೆ ಎಂದು ತೊಳೆದಿದ್ದೇನೆ.

ಇನ್ನೊಂದು ವಿಷಯ ಇಲ್ಲಿ ಮಾತ್ರ ಬರೆಯುತ್ತೇನೆ. ಮೇಡಂ ಚಿಟಪಟ ಎಂದರು. ಕಡ್ಡಿಯೂ, "ಹೂಂ ಅಕ್ಕ, ಎಣ್ಣೇಲಿ ಏನೋ ಹುರಿದ ಹಾಗಿತ್ತು," ಎಂದ. ನನಗೆ ಚಿಟಪಟ ಕೇಳಿಸಿಯೇ ಇರಲಿಲ್ಲ. ಬರೀ ಸುಯ್.

ಮೂಲ ಪ್ರತಿಗಳಿವೆ, ಮತ್ತೆ ಮೊದಲಿಂದ ಶುರು. ಮೇಡಂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಫೆಬ್ರವರಿ 26, ಬುಧವಾರ

ಅಷ್ಟು ವರ್ಷದ ಹಿಂದಿನ ಗಾಳಿ. ಆಗ ಯಾರು ಉಸಿರಾಡಿ ಬಿಟ್ಟ ಗಾಳಿಯೋ.

ಈಗ ಯಂತ್ರದ ಪರದೆಯಲ್ಲಿ ಸದ್ದಿನ ಚಿತ್ರ ನೋಡುತ್ತಾ ಕೆಲಸ ಮಾಡುತ್ತೇನೆ. ಮೇಲ್ಗಡೆ ನವಿರಾಗಿ ಮರಳು ಚೆಲ್ಲಿದ ಹಾಗೆ ಕಾಣುವುದೇ ಗುಳ್ಳೆಗಳು. ಕಿವಿಗೆ ಸಿಗದ್ದು ಕಣ್ಣಿಗೆ ಸಿಗುತ್ತದೆ. ವರ್ಷದಿಂದ ವರ್ಷಕ್ಕೆ ಆ ಮರಳು ತೆಳ್ಳಗಾಗುತ್ತಾ ಬಂದಿದೆ. ಯಾಕೆ ಎಂದು ಮೇಡಂ ಬಂದಾಗ ಕೇಳಬೇಕು.

ಫೆಬ್ರವರಿ 28, ಶುಕ್ರವಾರ

ಅಡಿಗೆಮನೆಯ ಗಾಜಿನ ಜಾಡಿಗೆ ಉಪ್ಪು ನೀರು ತುಂಬಿ, ಮೇಲೆ ನೀಲಿ ಶಾಯಿ ಬೆರೆಸಿದ ಸಿಹಿ ನೀರನ್ನು ಚಮಚದಲ್ಲಿ ಮೆಲ್ಲಗೆ ಬಿಟ್ಟೆ. ನಿಂತಿತು. ನೀಲಿ ಮೇಲೇ ನಿಂತಿತು, ಕೆಳಗೆ ಇಳಿಯಲೊಲ್ಲದು.

ಮೇಡಂ ಹೇಳಿದ್ದು ಇದೇ. ಧ್ರುವದ ಕಡೆ ತಣ್ಣಗಿನ ಉಪ್ಪು ನೀರು ಭಾರವಾಗಿ ಸಮುದ್ರದ ತಳಕ್ಕಿಳಿಯುತ್ತದೆ. ಇಳಿದ ಜಾಗ ತುಂಬಲು ದೂರದಿಂದ ಬೆಚ್ಚಗಿನ ನೀರು ಬರುತ್ತದೆ. ಹೀಗೆ ಇಡೀ ಸಮುದ್ರ ಗಾಣದ ಹಾಗೆ ನಿಧಾನವಾಗಿ ಸುತ್ತುತ್ತಾ ಬಿಸಿಯನ್ನು ಊರೂರಿಗೆ ಹಂಚುತ್ತದೆ. ಕರಗಿದ ಮಂಜಿನ ಸಿಹಿ ನೀರು ಮೇಲೆ ಹೊದಿಕೆ ಹಾಸಿಬಿಟ್ಟರೆ ಇಳಿಯುವುದು ಕಡಿಮೆಯಾಗುತ್ತದೆ, ಗಾಣ ನಿಧಾನವಾಗುತ್ತದೆ. ಆಗ ಎಲ್ಲಿಯೋ ಚಳಿ, ಎಲ್ಲಿಯೋ ಮಳೆ ತಪ್ಪುವುದು. ಎಷ್ಟು ನಿಧಾನವಾಗಿದೆ, ಮುಂದೇನು ಎಂದು ಅವರಲ್ಲೇ ಇನ್ನೂ ವಾದ ನಡೆಯುತ್ತಿದೆಯಂತೆ. "ಗೊತ್ತಿಲ್ಲ" ಎಂದು ಅವರು ಎಷ್ಟು ಖುಷಿಯಾಗಿ ಹೇಳುತ್ತಾರೆ.

ನಮ್ಮವರಿಗೆ ತೋರಿಸೋಣವೆಂದು ಕರೆಯಲು ಹೋದೆ. ಬರುವಷ್ಟರಲ್ಲಿ ಅತ್ತೆ ಜಾಡಿಗೆ ಚಮಚ ಹಾಕಿ ಗರಗರ ತಿರುಗಿಸುತ್ತಿದ್ದರು. "ಕಲಸೋದೇ ಮರೆತಿದ್ಯಲ್ಲೇ," ಎಂದರು. ನಾನು ನಕ್ಕೂ ನಕ್ಕೂ ಸುಸ್ತಾದೆ. ಆಮೇಲೆ ಅವರ ಎದುರು ಕೂತು ಇನ್ನೊಂದು ಸಲ ಮಾಡಿ ತೋರಿಸಿದೆ, ನಿಧಾನವಾಗಿ ವಿವರಿಸಿ. ಈ ಸಲ ಹೌದೌದು ಎನ್ನಲಿಲ್ಲ. "ಅದ್ಯಾಕೆ ಇಳಿಯಲ್ಲ?" ಎಂದು ಕೇಳಿದರು.

ಮಾರ್ಚ್ 7, ಶುಕ್ರವಾರ

ನಿನ್ನೆ ಮೇಡಂ ಹೇಳಿದ್ದನ್ನು ನಂಬಲು ನನಗೆ ಒಂದು ದಿನ ಬೇಕಾಯಿತು. ಅಷ್ಟು ದೊಡ್ಡ ಮಂಜಿನ ರಾಶಿ ತನ್ನ ಭಾರದಿಂದಲೇ ಸುತ್ತಲಿನ ಸಮುದ್ರವನ್ನು ತನ್ನ ಕಡೆ ಸೆಳೆದುಕೊಂಡಿರುತ್ತದಂತೆ. ಕರಗಿ ಹಗುರಾದರೆ ಹಿಡಿತ ಸಡಿಲವಾಗಿ, ಅದರ ಪಕ್ಕದ ದಡದಲ್ಲಿ ನೀರು ಇಳಿಯುತ್ತದೆ. ಏರುವುದು ದೂರದಲ್ಲಿ, ಅದನ್ನು ಕಣ್ಣಲ್ಲೂ ಕಾಣದವರ ದಡದಲ್ಲಿ.

ಊಟಕ್ಕೆ ಕೂತಾಗ ನಮ್ಮವರಿಗೆ ಹೇಳಿದೆ. ತುತ್ತು ಕೈಯಲ್ಲೇ ಹಿಡಿದು ಕೇಳಿದರು. "ಅಂದ್ರೆ ನನ್ನ ಬಸ್ಸಿನ ರಸ್ತೆಗೆ ಬರೋ ನೀರು ಅಲ್ಲಿಂದ ಬಿಟ್ಟಿದ್ದು?"

"ಅದರಲ್ಲಿ ಒಂದು ಪಾಲು. ಕಾದ ನೀರು ಉಬ್ಬೋದೂ ಇದೆ, ನೆಲ ಕುಸಿಯೋದೂ ಇದೆ."

"ಯಾವ ಪಾಲು ಯಾರದ್ದು ಅಂತ ಹೇಗೆ ಗೊತ್ತಾಗುತ್ತೆ?"

ಅದನ್ನೂ ಕೇಳಬೇಕು. ನಾಳೆ ಕೇಳಬೇಕಾದ್ದು ಈಗ ಆರಾಗಿದೆ.

ಮಾರ್ಚ್ 14, ಶುಕ್ರವಾರ

ಎಲ್ಲರಿಗೂ ಗೊತ್ತಾಯಿತು.

ಮೇಡಂ ಹೋದ ಬೇಸಿಗೆಯ ಸದ್ದನ್ನು ತಂದಿದ್ದರು, ಇಷ್ಟು ದಿನ ಕೊಟ್ಟಿರಲಿಲ್ಲ. ಅವರ ಕೈಯ ಪುಟ್ಟ ಯಂತ್ರದಲ್ಲಿತ್ತು, ಪರದೆ ಇಲ್ಲ, ಚಿತ್ರವಿಲ್ಲ. ಹೆಡ್‌ಫೋನು ನನ್ನ ತಲೆಗೆ ಹಾಕಿದರು. ಯಜಮಾನರೂ ಕಡ್ಡಿಯೂ ಎದುರಿಗಿದ್ದರು.

ಕೇಳಿದೆ. ಕೆಳಗೆ ನೀರು, ಮೇಲೆ ಸುಯ್. "ಚೆನ್ನಾಗಿದೆ," ಎಂದೆ. "ಸಿಡಿತ ಸ್ವಲ್ಪ ದೂರ ಹೋಗಿದೆ, ಆದ್ರೆ ಸ್ಪಷ್ಟವಾಗಿದೆ. ಒಂಚೂರು ಎತ್ತಿಕೊಟ್ರೆ ಸಾಕು."

ಮೇಡಂ ಹೆಡ್‌ಫೋನಿನ ಒಂದು ಬದಿಯನ್ನು ನನ್ನ ಕಿವಿಯಿಂದ ಸರಿಸಿದರು. ಆಮೇಲೆ ಮೆಲ್ಲಗೆ, "ಇದ್ರಲ್ಲಿ ಸಿಡಿತ ಇಲ್ಲ," ಎಂದರು. ಹಿಮನದಿ ಹಿಂದೆ ಸರಿದು ಸರಿದು ಕಳೆದ ಬೇಸಿಗೆಗೆ ನೀರನ್ನೇ ಬಿಟ್ಟು ಬಂಡೆಯ ಮೇಲೆ ಹತ್ತಿ ಕೂತಿದೆ. ಸಮುದ್ರವನ್ನು ಅದು ಮುಟ್ಟುವುದೇ ಇಲ್ಲ. ಮುಟ್ಟದ ಮೇಲೆ ಸದ್ದೆಲ್ಲಿಂದ?

ಕಡ್ಡಿ ಹೆಡ್‌ಫೋನು ತೆಗೆದುಕೊಂಡು ಕೇಳಿ, ನೆಲ ನೋಡುತ್ತಾ ನಿಂತ.

"ಹಾಗಾದ್ರೆ ಅದು ನಂದು," ಎಂದೆ.

"ನಿಮ್ಮದು ಅಂದ್ರೆ?" ಎಂದರು ಯಜಮಾನರು.

"ನನ್ನ ಕಿವೀದು."

ಯಜಮಾನರ ಮುಖ ಕೆಂಪಾಯಿತು. ಎಷ್ಟು ದಿನದಿಂದ ಎಂದು ಕೇಳಿದರು, ಹೇಳಿದೆ. ಅಷ್ಟು ದಿನದಿಂದ ಹೊರಗೆ ಹೋದ ಕೆಲಸದ ಗತಿ ಏನು ಎಂದರು. ಉತ್ತರ ಕೊಟ್ಟವನು ಕಡ್ಡಿ, ಕಡ್ಡಿ ಮುರಿದ ಹಾಗೆ. "ಏನೂ ಆಗಿಲ್ಲ ಸಾರ್. ಅಕ್ಕಂಗೆ ಸಿಗದೇ ಇದ್ದಿದ್ದನ್ನ ನಾನು ತೆಗೀತಿದ್ದೆ. ದೀಪಾನ ಊದಿ ಆರಿಸೋ ಅಷ್ಟು ಕೆಲಸ. ಅಕ್ಕ ಚಹಾಕ್ಕೆ ಹೋದಾಗ ಮಾಡ್ತಿದ್ದೆ."

ಮೊದಲ ಪುಟದಲ್ಲಿ ಅವನ ಬಗ್ಗೆ ಬರೆದದ್ದನ್ನು ಹೊಡೆದು ಹಾಕಬೇಕೆನ್ನಿಸಿತು. ಹೊಡೆಯಲಿಲ್ಲ. ಇರಲಿ, ನೋಡಿ ನಾಚಿಕೊಳ್ಳಲಿಕ್ಕೆ.

ಮೇಡಂ ಮಾತ್ರ ಅಯ್ಯೋ ಪಾಪ ಎನ್ನಲಿಲ್ಲ. ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡು, "ನಿಜವಾಗ್ಲೂ ಅಷ್ಟು ಒಂದೇ ಥರ ಇದೆಯಾ? ಏರಿಳಿತ ಇದೆಯಾ, ಒಂದೇ ಸಮ ಇದೆಯಾ?" ಎಂದು ಕೇಳಿದರು. ಇಷ್ಟು ದಿನದಲ್ಲಿ ನನ್ನ ಕಿವಿಯ ಬಗ್ಗೆ ಕುತೂಹಲಪಟ್ಟ ಮೊದಲ ಮನುಷ್ಯರು ಅವರೇ. ನಾವಿಬ್ಬರೂ ಯಂತ್ರದಲ್ಲಿ ಬೇರೆ ಬೇರೆ ಸದ್ದು ಹುಟ್ಟಿಸಿ ನನ್ನದಕ್ಕೆ ಹೋಲಿಸಿ ನೋಡಿದೆವು. ನನ್ನದು ಒಂದೇ ಸಮ. ಮಂಜಿನದು ಸಾವಿರ ಸಣ್ಣ ಸಿಡಿತ. ನಾನು ಎರಡನ್ನೂ ಒಂದೇ ಎಂದುಕೊಂಡಿದ್ದೆ.

ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ಬಿಟ್ಟು ಅತ್ತುಬಿಟ್ಟೆ.

ಮಾರ್ಚ್ 15, ಶನಿವಾರ

ಅತ್ತೆ ಬೆಳಿಗ್ಗೆ ನನ್ನ ಎಡಗಡೆಗೆ ಬಂದು ಕೂತರು. ಯಾವಾಗಲೂ ಬಲಗಡೆ ಕೂರುವವರು.

"ಯಾವಾಗ್ಲಿಂದ?" ಎಂದರು.

"ನಿಮಗ್ಯಾರು ಹೇಳಿದ್ರು?"

"ಯಾರ್ ಹೇಳ್ಬೇಕು? ತಿಂಗಳುಗಟ್ಲೆ ತಲೆ ಓರೆ ಮಾಡ್ಕೊಂಡು ಕೂರ್ತಿದ್ದೀಯ. ನಾನೂ ಶುರುವಲ್ಲಿ ಹಾಗೇ ಕೂರ್ತಿದ್ದೆ."

ಆಮೇಲೆ ತಮಗೆ ಗೊತ್ತಿರುವುದನ್ನೆಲ್ಲ ಹೇಳಿಕೊಟ್ಟರು. ಗುಂಪಿನಲ್ಲಿ ಗೋಡೆಗೆ ಬೆನ್ನು ಹಾಕಿ ಕೂರಬೇಕು. ಬೆಳಕು ಮಾತಾಡುವವರ ಮುಖದ ಮೇಲೆ ಬೀಳುವ ಹಾಗೆ ನೋಡಿಕೊಳ್ಳಬೇಕು. ಕೇಳದಿದ್ದರೆ ಹೌದೌದು ಎನ್ನಬಾರದು. "ನಾನು ಅಂದೂ ಅಂದೂ ಎಲ್ರೂ ನನ್ನ ಜೊತೆ ಮಾತಾಡೋದೇ ಬಿಟ್ರು," ಎಂದರು. ನಾನೂ ಆ ಎಲ್ಲರಲ್ಲಿ ಒಬ್ಬಳು. ಹೇಳಲು ಹೋದೆ. ಅವರೇ ನನ್ನ ಕೈ ತಟ್ಟಿ, ಆ ನೀಲಿ ನೀರಿನ ಆಟ ಇನ್ನೊಂದು ಸಲ ತೋರಿಸು ಎಂದರು.

ಮಾರ್ಚ್ 19, ಬುಧವಾರ

ದೊಡ್ಡ ಪರೀಕ್ಷೆ. ಬಲಗಿವಿಯಲ್ಲಿ ಸಣ್ಣ ದನಿಗಳು ಹೋಗಿವೆ, ಮತ್ತೆ ಬರುವುದಿಲ್ಲ. ಎಡಗಿವಿಯಲ್ಲಿ ಹೋಗತೊಡಗಿವೆ. ಸುಯ್ ಎನ್ನುವುದು ಹೋಗುವ ಹಾಗಿಲ್ಲ. ದಿನಚರಿಯಿಂದ ಏನಾದರೂ ಗೊತ್ತಾಯಿತೇ ಎಂದು ಡಾಕ್ಟರು ಕೇಳಿದರು. ಸಮುದ್ರದ ಬಗ್ಗೆ ಬೇಕಾದಷ್ಟು ಗೊತ್ತಾಯಿತು ಎಂದೆ. ಅವರಿಗೆ ಅರ್ಥವಾಗಲಿಲ್ಲ.

ಬಸ್ಸಿನಲ್ಲಿ ಬರುವಾಗ ಒಂದು ಪ್ರಶ್ನೆ ಹೊಳೆಯಿತು. ಆ ಹಿಮನದಿಯ ಎದುರಿನ ಸೀಲ್‌ಗಳು ಅಷ್ಟು ಗದ್ದಲದ ಜಾಗಕ್ಕೆ ಯಾಕೆ ಬರುತ್ತಿದ್ದವು? ಬೇಟೆಯಾಡುವ ತಿಮಿಂಗಿಲಗಳಿಗೆ ತಮ್ಮ ಸದ್ದು ಕೇಳದಿರಲಿ ಎಂದು ಅಡಗುತ್ತಿದ್ದವೇ? ಮೇಡಂಗೆ ಸಂದೇಶ ಕಳಿಸಿದೆ. "ನಮಗೂ ಅದೇ ಅನುಮಾನ! ಸಾಬೀತಾಗಿಲ್ಲ" ಎಂದು ತಕ್ಷಣ ಉತ್ತರ ಬಂತು. ಇಳಿಯುವ ನಿಲ್ದಾಣ ದಾಟಿ ಮುಂದೆ ಹೋಗಿಬಿಟ್ಟಿದ್ದೆ.

ಮಾರ್ಚ್ 24, ಸೋಮವಾರ

ಕೊನೆಯ ಕುರ್ಚಿ ಕಡ್ಡಿಯದಾಯಿತು. ಯಜಮಾನರು ಹೇಳುವ ಮೊದಲೇ ನಾನು ನನ್ನ ಚೀಲ, ದಿಂಬು ಎತ್ತಿಕೊಂಡು ಪಕ್ಕದ ಮೇಜಿಗೆ ಹೋದೆ. ಮಾತು ಕತ್ತರಿಸಿ ಜೋಡಿಸುವ ಕೆಲಸ ಇನ್ನು ನನ್ನದು. ಅದಕ್ಕೆ ಸಣ್ಣ ದನಿ ಬೇಕಿಲ್ಲ. ಆ ಕುರ್ಚಿಯ ಕಡೆ ನಾಲ್ಕು ಸಲ ತಿರುಗಿ ನೋಡಿದೆ, ಸುಳ್ಳು ಯಾಕೆ ಹೇಳಲಿ.

ಒಂದೇ ಒಂದು ಕೇಳಿಕೊಂಡೆ, ಸಂಗ್ರಹಾಲಯದ ಕೋಣೆಯ ಕೆಲಸ ನಾನೇ ಮುಗಿಸುತ್ತೇನೆ ಎಂದು. ಕಡ್ಡಿ ಕೇಳುತ್ತಾನೆ, ನಾನು ನೋಡುತ್ತೇನೆ. ಯಜಮಾನರು ಒಪ್ಪಿದರು. ಆದರೆ ಕೊನೆಯ ಬೇಸಿಗೆಯ ಸದ್ದನ್ನು ಬಿಟ್ಟುಬಿಡಿ ಎಂದರು. "ಅದ್ರಲ್ಲಿ ಏನಿದೆ? ಜನ ಸ್ಪೀಕರ್ ಕೆಟ್ಟಿದೆ ಅಂದ್ಕೊಳ್ತಾರೆ."

"ಅದನ್ನ ಬಿಟ್ರೆ ಉಳಿದಿದ್ದೆಲ್ಲ ಬರೀ ಸದ್ದು ಸಾರ್," ಎಂದೆ. "ಇದ್ದಿದ್ದು ಹೋಗಿದೆ ಅಂತ ಗೊತ್ತಾಗೋದು ಅಲ್ಲೇ. ಅದನ್ನ ಎಲ್ಲಕ್ಕಿಂತ ಉದ್ದ ಇಡ್ಬೇಕು."

ಇಷ್ಟು ವರ್ಷದಲ್ಲಿ ನಾನು ಅವರಿಗೆ ಎದುರು ಮಾತಾಡಿದ್ದು ಇದೇ ಮೊದಲು. ಮೇಡಂ ನನ್ನ ಕಡೆಗೆ ನಿಂತರು. ಕಡ್ಡಿಯೂ.

ಏಪ್ರಿಲ್ 13, ಭಾನುವಾರ

ಇವತ್ತು ಕೋಣೆ ತೆರೆಯಿತು. ನಮ್ಮವರು ರಜೆ ಹಾಕಿದ್ದರು. ಅತ್ತೆ ಕಿವಿಯ ಯಂತ್ರ ಹಾಕಿಕೊಂಡು ಬಂದರು. ಒಳಗೆ ಕತ್ತಲು, ನೆಲದ ಮೇಲೆ ಮೆತ್ತೆ, ಹದಿನೈದಿಪ್ಪತ್ತು ಜನ ಗುರುತು ಪರಿಚಯವಿಲ್ಲದವರು. ನಾವು ಗೋಡೆಗೆ ಬೆನ್ನು ಹಾಕಿ ಕೂತೆವು.

ಮೊದಲ ಬೇಸಿಗೆ ಶುರುವಾಯಿತು. ಸುತ್ತ ಜನ ಮಾತು ನಿಲ್ಲಿಸಿದ್ದು ತಿಳಿಯಿತು. ನಮ್ಮವರು ನನ್ನ ಎಡಗಿವಿಯ ಹತ್ತಿರ ಬಾಗಿ, "ಇದೇನಾ ಆ ಗಾಳಿ?" ಎಂದರು. ಹೂಂ ಎಂದೆ. ಒಂದೊಂದೇ ಬೇಸಿಗೆ ಕಳೆಯಿತು. ಯಾವುದು ಎಲ್ಲಿ ಮುಗಿಯುತ್ತದೆ ಎಂದು ನನಗೆ ಬಾಯಿಪಾಠ, ಆದರೂ ಕತ್ತಲಲ್ಲಿ ಲೆಕ್ಕ ತಪ್ಪಿತು. ನನಗೆ ಕೇಳುತ್ತಿದ್ದುದು ಮೊದಲಿನಿಂದ ಒಂದೇ: ಕೆಳಗೆ ನೀರು, ಮೇಲೆ ಸುಯ್.

ಆಗ ಮುಂದಿನ ಮೆತ್ತೆಯಿಂದ ಒಂದು ಪುಟ್ಟ ಹುಡುಗಿ ಗಟ್ಟಿಯಾಗಿ, "ಅಮ್ಮಾ, ಹುರಿಯೋ ಸದ್ದು ಯಾಕೆ ನಿಂತೋಯ್ತು?" ಎಂದು ಕೇಳಿದಳು.

ಅವಳ ತಾಯಿ ಅವಳನ್ನು ಮಡಿಲಿಗೆ ಎಳೆದುಕೊಂಡಳು. ನಮ್ಮವರ ಕೈ ಹುಡುಕಿ ಹಿಡಿದುಕೊಂಡೆ. ಅತ್ತೆಯೂ ತಲೆ ಎತ್ತಿ ಸುತ್ತ ಹುಡುಕುತ್ತಿದ್ದರು. ಇಡೀ ಕೋಣೆ ಇಲ್ಲದ್ದನ್ನು ಕೇಳಿಸಿಕೊಳ್ಳುತ್ತಾ ಕೂತಿತ್ತು. ಅಷ್ಟು ಜನರ ನಡುವೆ ನನ್ನೊಬ್ಬಳ ಕಿವಿಯಲ್ಲಿ ಆ ಹಿಮನದಿ ಇನ್ನೂ ಕರಗುತ್ತಲೇ ಇತ್ತು.